ಕಡ ತಂದ ಬೆಕ್ಕು

ಕೌಲ್ ಬಜಾರಿನ ಜೀನ್ಸ್ ಯೂನಿಟ್ಟು.
ಊಟದ ಹೊತ್ತಿಗೆ ಶೇಕ್ಷಾವಲಿ ಉಣ್ಣೋದಿಲ್ಲ,
ಕತ್ತರಿ ಹಿಡೀತಾನೆ.

ಮಿರ್ಚಿ ಕಟ್ಟಿ ಬಂದ ಮಕ್ಕಳ ಪತ್ರಿಕೆಯೊಳಗೆ
ಎಣ್ಣೆ ಕುಡಿದು ಗಾಜಾದ ಒಂದು ಬೆಕ್ಕು,
ಬಂಡೆಯ ಅಂಚು ದಾಟಿ ಬರೀ ಗಾಳಿ ಮೇಲೆ ಓಡ್ತಿತ್ತು.
ಕೆಳಗೆ ನೋಡುವತನಕ ಬೀಳೋದಿಲ್ಲ ಅದು,
ಕಾರ್ಟೂನಿನ ಕಾನೂನು.

ಡೆನಿಮ್ ತುಂಡಿಗೆ ಅಂಟಿಸಿದ.
ಪಕ್ಕಕ್ಕೆ ಹಲ್ಲು ಮುರಿದ ಜಿಪ್ಪು,
ವಾಶಿಂಗ್ ಲೇಬಲ್ಲು, ನನ್ನ ಹೋದ ವಾರದ ಕೂಲಿಚೀಟಿ.
ಹತ್ತಿರ ಹೋದರೆ ಬೆಕ್ಕೇ ಇಲ್ಲ,
ಚುಕ್ಕಿ, ಬರೀ ಕೆಂಪು ಚುಕ್ಕಿ,
ಗಣಿ ಲಾರಿ ಹೋದ ಮೇಲೆ
ಒಣಹಾಕಿದ ಬಿಳಿ ಪಂಚೆಯ ಮೇಲೆ ಕೂರ್ತಾವಲ್ಲ, ಹಂಗೆ.

ಬೆಕ್ಕಿನ ಬಾಯಿಂದ ಎದ್ದ ಮಾತಿನ ಗುಳ್ಳೆ
ಖಾಲಿ ಇತ್ತು.
ಹುಲಿಗೆಮ್ಮ ಪೆನ್ನು ಇಸಕೊಂಡು ಬರೆದಳು:
‘ಹದಿನೇಳು ಡಜನ್ ಬಾಕಿ.’

ಸೇಟು ಬಂದ. ನಿಂತು ಓದಿದ.
‘ಯಾರದಲೇ ಈ ಬೆಕ್ಕು?’
‘ಕಡ ತಂದೀನಿ, ಸೇಟು.’
‘ಯಾರತ್ರ?’
ಶೇಕ್ಷಾವಲಿ ಮಾತಾಡಲಿಲ್ಲ.
ಮೂಲೆಯಲ್ಲಿ ರಾಶಿ ಬಿದ್ದ ಪ್ಯಾಂಟುಗಳ
ಸೊಂಟದ ಕಡೆ ನೋಡಿದ:
ಒಂದಕ್ಷರ ತಿದ್ದಿದ
ಪರದೇಶಿ ಹೆಸರು,
ನಾವೇ ಹೊಲಿದದ್ದು.

ಸೇಟು ಕೆಮ್ಮಿ, ಫ್ಯಾನು ತನ್ನ ಕಡೆ ತಿರುಗಿಸಿಕೊಂಡ.

ಬೆಕ್ಕು ಇನ್ನೂ ಗಾಳಿಯಲ್ಲೇ ಐತೆ.
ಕೆಳಗೆ ನೋಡಬ್ಯಾಡ, ಅಂದೆ.
ಅದಕ್ಕೋ,
ನನಗೋ.