ಚೆಂಡು ಕೆಳಗೆ ಹೋದಾಗ

ನಮ್ಮ ಮೈದಾನಕ್ಕೆ ಮೂರೇ ಬದಿ.
ನಾಲ್ಕನೆಯದು ಗಾಳಿ.
ಅಲ್ಲಿ ನಿಂತು ಬಗ್ಗಿದರೆ ಲಾ ಪಾಸ್ ಪೂರಾ ಕಾಣುತ್ತದೆ,
ಉಕ್ಕಿ ಬೋಗುಣಿಯ ಅಂಚಿಗೆ ಅಂಟಿ ಒಣಗಿದ ಗಂಜಿಯ ಹಾಗೆ:
ಇಟ್ಟಿಗೆ, ತಗಡು, ಹರವಿದ ಬಟ್ಟೆ.
ಅದರಾಚೆ ಇಲ್ಲಿಮಾನಿ, ಮೂರು ತಲೆಯ ಹಿಮದಜ್ಜ,
ಯಾರ ಕಡೆಯೂ ವಹಿಸದ ಪ್ರೇಕ್ಷಕ.

ಭಾನುವಾರ ಹತ್ತಕ್ಕೆ ಸೇರುತ್ತೇವೆ.
ಆಲೂಗಡ್ಡೆ ಮಾರುವವರು ಆರು ಮಂದಿ, ಇಸ್ತ್ರಿಯವಳು ಫೆಲಿಸಾ,
ಮಿನಿಬಸ್ಸಿನ ಬಾಗಿಲಿಗೆ ಜೋತು ನಿಲ್ದಾಣಗಳ ಹೆಸರು ಕೂಗುವ ಹೊನೋರಾಟಾ...
ಟೋಪಿಗಳನ್ನು ತೆಗೆದು ಸಾಲಾಗಿ ಇಡುತ್ತೇವೆ,
ಕಾವಿಗೆ ಕೂತ ಕೋಳಿಗಳಂತೆ.
ಗೋಲು ಕಾಯುವುದು ನನ್ನ ಪಾಲು,
ಮಂಡಿ ಹೋದವರಿಗೆ ಕೊಡುವ ಕೆಲಸ.
ಐದು ಪದರದ ನನ್ನ ಲಂಗವೇ ಅರ್ಧ ಗೋಲು ಮುಚ್ಚುತ್ತದೆಂದು
ಎದುರು ತಂಡ ತಕರಾರು ಎತ್ತಿದ್ದೂ ಉಂಟು.

ಇಲ್ಲಿ ಗಾಳಿ ತೆಳು. ಒದ್ದ ಚೆಂಡು ನಿಲ್ಲುವುದನ್ನು ಮರೆಯುತ್ತದೆ.
ಕೆಳನಾಡಿನವರು ಹತ್ತು ಹೆಜ್ಜೆಗೆ ಮೀನಿನಂತೆ ಬಾಯಿ ಬಿಡುತ್ತಾರೆ.
ನಾವು ಓಡುತ್ತಲೇ ಜಗಳ ಆಡಬಲ್ಲೆವು.

ಆದರೆ ಚೆಂಡು ನಾಲ್ಕನೆಯ ಬದಿಗೆ ಹೋಯಿತೋ,
ಮುಗಿಯಿತು.
"ಎಲೋಯ್!"
ಫೆಲಿಸಾಳ ಮಗ, ಹನ್ನೊಂದು ವರ್ಷ,
ಒಂದು ಸಲಕ್ಕೆ ಒಂದು ಬೊಲಿವಿಯಾನೊ.
ಮುನ್ನೂರ ಹದಿನೆಂಟು ಮೆಟ್ಟಿಲು.
ನಾನು ಎಣಿಸಿಲ್ಲ, ಅವನು ಎಣಿಸಿದ್ದಾನೆ, ದರ ಏರಿಸಲು.
ಚೆಂಡು ಸಿಕ್ಕುವ ಜಾಗಗಳು ಅವನಿಗೆ ಬಾಯಿಪಾಠ:
ಬೇಕರಿಯ ಮಾಡು, ಹಲ್ಲಿನ ಡಾಕ್ಟರ ಅಂಗಳ,
ತನ್ನ ಊಟ ಮುಗಿಯುವತನಕ ಚೆಂಡು ಕೊಡದ ದೋನ್ಯಾ ಪೆತ್ರೋನಾ.
ಒಮ್ಮೆ ಅದು ಯಾರದೋ ಮದುವೆಗೆ ಹೋಗಿತ್ತು.
ಎರಡು ತಾಸು ಕಳೆದು ಎಲೋಯ್ ಬಂದ,
ತುಟಿಗೆ ಕೇಕಿನ ಕೆನೆ, ತಲೆತುಂಬ ಬಣ್ಣದ ಕಾಗದದ ಚೂರು,
ಚೆಂಡು ಮಾತ್ರ ಮರೆತು ಬಂದಿದ್ದ.

ಅಷ್ಟು ಹೊತ್ತೂ ನಾವು ಏನು ಮಾಡುತ್ತೇವೆ?
ಕೂರುತ್ತೇವೆ.
ಶೂ ಬಿಚ್ಚಿ, ಕಾಲು ಚಾಚಿ,
ಗೆಲ್ಲುವವರು ಸೋಲುವವರು ಕಲಸಿಹೋಗಿ,
ಕೋಕಾ ಎಲೆಯ ಚೀಲ ಕೈಯಿಂದ ಕೈಗೆ.
ತಲೆಯ ಮೇಲೆ ಕೇಬಲ್ ಕಾರಿನ ಪೆಟ್ಟಿಗೆಗಳು ಸದ್ದಿಲ್ಲದೆ ದಾಟುತ್ತವೆ,
ಒಳಗಿನವರು ನಮ್ಮ ಹರಿದ ಕಾಲ್ಚೀಲ ನೋಡುತ್ತಾರೆ.
ನೋಡಲಿ.
ಮಾರುಕಟ್ಟೆಯಲ್ಲಿ ಕೂರುವುದು ಕೂರುವುದಲ್ಲ,
ಅಲ್ಲಿ ನಾನು ತಕ್ಕಡಿಯ ಇನ್ನೊಂದು ತಟ್ಟೆ.

ಒಂದು ದಿನ ಹೊನೋರಾಟಾ,
ವಾರವಿಡೀ ಕೂಗಿ ದನಿ ಒಡೆದವಳು,
ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು.
ಎಲೋಯ್ ಚೆಂಡು ತಂದು ನಿಂತ. ಯಾರೂ ಏಳಲಿಲ್ಲ.
"ಇನ್ನೊಂದು ಸಲ ಬಿಸಾಕಲಾ?" ಪಿಸುಗುಟ್ಟಿದ.
ವ್ಯಾಪಾರ ಬಲ್ಲ ಹುಡುಗ.

ಹೋದ ವರ್ಷ ನಗರಸಭೆಯವರು ಬಲೆ ಕಟ್ಟಿಸಿದರು,
ಹಸಿರು ನೈಲಾನು, ಎಂಟು ಮೀಟರ್ ಎತ್ತರ.
ಬ್ಯಾಂಡು, ರಿಬ್ಬನ್ನು, ಕೋಟಿನ ಮೇಲೆ ಸುರಿದ ಹೂಪಕಳೆ.
"ತಾಯಂದಿರೇ, ಇನ್ನು ನಿಮ್ಮ ಆಟ ನಿಲ್ಲುವುದೇ ಇಲ್ಲ!"
ನಿಲ್ಲಲಿಲ್ಲ.
ನಾಲ್ಕು ಭಾನುವಾರ ನಿಲ್ಲಲೇ ಇಲ್ಲ.
ಫೆಲಿಸಾಳ ಪಾದ ಬಾತುಕೊಂಡಿತು.
ಯಾರ ಮಗಳು ಬಸಿರು, ಯಾರ ಗಂಡ ಗಣಿಗೆ ಮರಳಿದ,
ಒಂದೂ ತಿಳಿಯದೆ ಮನೆಗೆ ಹೋದೆವು.
ಎಲೋಯ್ ಮೊದಲ ಮೆಟ್ಟಿಲಲ್ಲಿ ಕೂತು ಉಗುರು ಕಚ್ಚಿದ.

ಐದನೆಯ ವಾರ ಬಲೆಯಲ್ಲೊಂದು ತೂತು,
ನನ್ನ ಗೋಲಿನ ಎಡಕ್ಕೆ, ಚೆಂಡಿಗಿಂತ ಎರಡು ಬೆರಳು ಅಗಲ.
ಇಲಿ ಇರಬೇಕು ಎಂದ ಕಾವಲಿನವ.
ಈ ಎತ್ತರದಲ್ಲಿ ಇಲಿಗಳು ಬಹಳ ಚುರುಕು, ಎಂದೆ ನಾನು.
ಆಲೂಗಡ್ಡೆಯ ಕಣ್ಣು ಕೀಳುವ ಚಾಕು
ನನ್ನ ಲಂಗದ ಮೂರನೆಯ ಪದರದಲ್ಲಿರುತ್ತದೆ.
ಅದು ಯಾವಾಗಲೂ ಅಲ್ಲೇ ಇರುತ್ತದೆ.

ಇವತ್ತು ಎರಡಕ್ಕೆ ಎರಡು.
ಹೊನೋರಾಟಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಳೆ,
ಬೆಳಗಿನಿಂದ ಅವಳ ಬಾಯಲ್ಲಿ ಏನೋ ಇದೆ, ಹೇಳಲು ಹೊತ್ತಾಗಿಲ್ಲ.
ಚೆಂಡು ಉರುಳಿ ನನ್ನ ಕೈಗೆ ಬಂತು.
ಗಾಳಿ ಎಡಕ್ಕೇ ಬೀಸುತ್ತಿದೆ.
ಎಲೋಯ್ ಆಗಲೇ ಬಗ್ಗಿ
ಶೂ ದಾರ ಬಿಗಿಯುತ್ತಿದ್ದಾನೆ.