ಹೆಬ್ಬೆರಳು

ರೆಯೂನಿಯನ್ ದ್ವೀಪದ ವೆನಿಲ್ಲಾ ಬಳ್ಳಿಗೆ
ಜೇನು ಬರುತ್ತದೆ, ಹೂವಿನ ಬಾಗಿಲು ಕಾಣದೆ ಹೋಗುತ್ತದೆ.
ಹಾಗಾಗಿ ನಾವು. ನಿಂಬೆಮುಳ್ಳು, ಹೆಬ್ಬೆರಳು,
ಬೆಳಿಗ್ಗೆ ಆರರಿಂದ ಹನ್ನೊಂದು.
ಒಳಗಿನ ತೆಳುಪೊರೆಯನ್ನು ಮುಳ್ಳಿನಿಂದ ಎತ್ತಿ
ಹೆಬ್ಬೆರಳಲ್ಲಿ ಒಮ್ಮೆ ಒತ್ತಿದರೆ
ಮದುವೆ ಮುಗಿಯಿತು. ಮುಂದಿನ ಹೂವು.
ಒಂದು ಬೆಳಗಿಗೆ ಸಾವಿರದ ಇನ್ನೂರು.
ಮದುವೆಗಾರ್ತಿ ಎನ್ನುತ್ತಾರೆ ನನ್ನನ್ನು.
ನನ್ನದೇ ಮದುವೆ ಆಗಲಿಲ್ಲ, ಅದು ಬೇರೆ ಕತೆ.

ಜ್ವರ ಬಂದದ್ದು ಚಂಡಮಾರುತದ ನೀರು
ಹೂಕುಂಡಗಳಲ್ಲಿ ನಿಂತ ಫೆಬ್ರವರಿಯಲ್ಲಿ.
ಓಣಿಗೆ ಓಣಿಯೇ ಮಲಗಿತು. ಪಾದ್ರಿಗಳು
ಕುರ್ಚಿಯಲ್ಲಿ ಕೂತು ಬಲಿಪೂಜೆ ಮುಗಿಸಿದರು.
ಚಿಕುನ್‌ಗುನ್ಯ. ಎದುರು ತೀರದ
ಆಫ್ರಿಕದ ಮಾತಿನಲ್ಲಿ 'ಬಗ್ಗಿಸುವಂಥದ್ದು' ಎಂದಂತೆ.
ಐದನೆಯ ದಿನ ಜ್ವರ ಇಳಿಯಿತು.
ನಾನು ನೆಟ್ಟಗಾಗಲಿಲ್ಲ.

ಕಾಫಿ ಬಟ್ಟಲಿಗೆ ಎರಡೂ ಕೈ ಬೇಕು.
ಅಂಗಿಯ ಗುಂಡಿ ತಂಗಿಯ ಮಗಳು ಹಾಕುತ್ತಾಳೆ,
ಶಾಲೆಗೆ ಹೊತ್ತಾಯಿತೆಂದು ಗೊಣಗುತ್ತಾ.
ಬೆರಳುಗಳು ಒಂದೊಂದಾಗಿ ಬಿಡಿಸಿಕೊಳ್ಳುವಾಗ
ಗಂಟೆ ಹತ್ತು. ತೋಟದಲ್ಲಿ
ಅಂದಿನ ಹೂವುಗಳು ಮುದುಡುತ್ತಿರುತ್ತವೆ.

ರಕ್ತ ನೋಡಿದರು: ವೈರಸ್ ಇಲ್ಲ.
ಆರು ತಿಂಗಳ ಮೇಲೆ ಮತ್ತೆ ನೋಡಿದರು: ಇಲ್ಲ.
ವಯಸ್ಸು, ಎಂದರು. ನನಗೆ ನಲವತ್ತಮೂರು.
ಮನಸ್ಸು, ಎಂದ ಇನ್ನೊಬ್ಬ.
ಮನಸ್ಸು ಮಣಿಕಟ್ಟಿನಲ್ಲಿ ಇರುತ್ತದೆಂದು
ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಕೊನೆಗೆ ಸೇಂ-ಪಿಯೆರ್ ಆಸ್ಪತ್ರೆಯಲ್ಲಿ
ಗಿಲೇನ್ ಮುತ್ತುಸಾಮಿ. ಐದು ತಲೆಮಾರಿನ ಹಿಂದೆ
ಕಬ್ಬು ಕಡಿಯಲು ಬಂದವರ ಹೆಸರು,
ತಮಿಳು ಒಂದಕ್ಷರ ಬಾರದು.
ಮೊಣಕಾಲಿನ ಒಳಗಿಂದ
ಎಳ್ಳುಕಾಳಿನಷ್ಟು ಕಿತ್ತುಕೊಂಡಳು.
ವಾರದ ಮೇಲೆ ಕರೆಸಿ ಹೇಳಿದಳು:

ಮಾದಾಮ್ ಫೊಂತೆನ್, ರಕ್ತ ಎಂದರೆ ಹೆದ್ದಾರಿ.
ಅವರು ಹೆದ್ದಾರಿಯಲ್ಲಿ ಹುಡುಕಿದರು.
ಕೀಲಿನ ಒಳಪೊರೆಯಲ್ಲಿ ಕೆಲವು ಕಣಗಳಿವೆ,
ಕಸ, ಸತ್ತದ್ದು, ಹೊರಗಿನದು
ಸಿಕ್ಕಿದ್ದನ್ನೆಲ್ಲ ನುಂಗಿ ಅರಗಿಸುವುದೇ ಅವುಗಳ ಕಸುಬು.
ಇದನ್ನೂ ನುಂಗಿದವು. ಅರಗಲಿಲ್ಲ.
ಹದಿನೆಂಟು ತಿಂಗಳಾದರೂ ಅದರ ಚೂರುಗಳು
ಅಲ್ಲೇ ಇವೆ, ನುಂಗಿದವರ ಹೊಟ್ಟೆಯೊಳಗೆ.
ಜೀವ ಇದೆಯೋ, ಹೆಣವೋ, ಹೇಳಲಾರೆ.
ಆ ಕಣಗಳು ಕೂಗುತ್ತವೆ. ಕೇಳಿ ನೆರೆಯವು ಬರುತ್ತವೆ,
ಬಂದವೂ ಕೂಗುತ್ತವೆ.
ಆ ಗದ್ದಲಕ್ಕೆ ನಾವು ಊತ ಎನ್ನುತ್ತೇವೆ.

ಇದೇ ಕಾರಣವೇ? ಎಂದೆ.

ಅರ್ಧ ಇರಬಹುದು. ಇನ್ನರ್ಧ,
ಬೇಲಿಯೇ ಎದ್ದು ಹೊಲ ಮೇಯುತ್ತಿರಬಹುದು,
ನಿಮ್ಮ ಮೈಯನ್ನೇ ಪರರದೆಂದು ಬಗೆದು.
ಎಷ್ಟು ಇದು, ಎಷ್ಟು ಅದು,
ಗೊತ್ತಿಲ್ಲ.

ಗೊತ್ತಿಲ್ಲ ಎಂದ ಮೊದಲ ಡಾಕ್ಟರು ಅವಳು.
ಆಗ ನನಗೆ ಅಳು ಬಂತು. ಹತ್ತಿಯ ಉಂಡೆ ಕೊಟ್ಟಳು,
ಕರವಸ್ತ್ರ ಸಿಗದೆ.

ಮನೆಗೆ ಪೂರ್ವತೀರದ ಬಸ್ಸು ಹಿಡಿದೆ.
ದಾರಿ ಲಾವಾದ ಮೇಲೆಯೇ ಹಾದುಹೋಗುತ್ತದೆ,
ಕಡಲಿಗಿಳಿದು ವರ್ಷಗಳಾದ ಕರಿಕಲ್ಲು.
ಬಿರುಕುಗಳಲ್ಲಿ ಜರೀಗಿಡ, ಯಾರೋ ಬಿಟ್ಟ ಚಪ್ಪಲಿ.
ಸೋನೆ ಬಿತ್ತು. ಕಲ್ಲಿನ ಮೈತುಂಬ ಹಬೆ ಎದ್ದಿತು.
ಪಕ್ಕದ ಪ್ರವಾಸಿ ಹೌಹಾರಿ ಎದ್ದುನಿಂತ.
ಡ್ರೈವರ್ ಕನ್ನಡಿಯಲ್ಲಿ ನೋಡಿ,
ಇದು ಯಾವಾಗಲೂ ಹೀಗೇ ಮುಸಿಯೋ, ಕೂತುಕೊಳ್ಳಿ, ಎಂದ.

ಈಗ ಅಕ್ಟೋಬರ್. ಹುಡುಗಿಗೆ ಕಲಿಸುತ್ತಿದ್ದೇನೆ.
ಜೋರಾಗಿ ಒತ್ತುತ್ತಾಳೆ, ಪೊರೆ ಹರಿಯುತ್ತಾಳೆ,
ಬೈದರೆ ನಗುತ್ತಾಳೆ.
ಮುಳ್ಳು ಅವಳ ಕೈಯಲ್ಲಿ. ಒತ್ತಲು ಬಾಗಿದಾಗ
ಅವಳ ಹೆಬ್ಬೆರಳ ಮೇಲೆ ನನ್ನದನ್ನಿಟ್ಟು
ಇಷ್ಟೇ, ಎನ್ನುತ್ತೇನೆ, ಇಷ್ಟು ಸಾಕು.
ಹತ್ತೂವರೆಗೆ ನನ್ನದು ಬೇರೆ ಎಣಿಸಿದೆವು:
ನಿನ್ನೆ ಇಪ್ಪತ್ತಾರು.
ಇವತ್ತು ಹದಿನೇಳು.