ಸಾಣೆ ಕೋಣೆ

ಕಯಾನಿ ಊರಿನ ಐಸ್ ಹಾಕಿ ಅಂಗಳದ ಹಿಂದೆ,
ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ
ಇಪ್ಪತ್ತಾರು ಚಳಿಗಾಲ
ಸ್ಕೇಟಿನ ಅಲಗಿಗೆ ಸಾಣೆ ಹಿಡಿದಿದ್ದೇನೆ.
ಯಾರು ಬಲಗಾಲಿಗೆ ಭಾರ ಬಿಡುತ್ತಾರೆ,
ಯಾರು ತಿರುವಿನಲ್ಲಿ ಹೆದರುತ್ತಾರೆ,
ಯಾರಪ್ಪ ಈ ವರ್ಷವೂ ಹೊಸ ಜೋಡಿ ಕೊಡಿಸಲಿಲ್ಲ
ಉಗುರು ಹಾಯಿಸಿದರೆ ಗೊತ್ತಾಗುತ್ತದೆ.

ಆರ್ನಿಯ ಅಲಗು ಮಂಗಳವಾರ ಬಂತು.
ಗುರುವಾರ ಮತ್ತೆ ಬಂತು.
ಮುಂದಿನ ಮಂಗಳವಾರವೂ.
"ಕಲ್ಲಿನ ಮೇಲೆ ನಡೆದೆ" ಎಂದ, ನೆಲ ನೋಡುತ್ತ.
ಕಲ್ಲು ತುಳಿದರೆ ಅಲ್ಲಲ್ಲಿ ಹಲ್ಲು ಮುರಿಯುತ್ತದೆ, ಮಗು,
ಹೀಗೆ ಸಾಯುವುದಿಲ್ಲ ಅಲಗು:
ಹಿಮ್ಮಡಿಯಿಂದ ಬೆರಳ ತುದಿಯ ತನಕ ಒಂದೇ ಸಮ,
ಯಾರೋ ಕೂತು ಸ್ನಾನದ ಕೋಣೆಯ ಸಿಮೆಂಟಿಗೆ
ತಿಕ್ಕಿ ತಿಕ್ಕಿ, ಪುರುಸೊತ್ತಾಗಿ ಮಾಡಿದ ಕೆಲಸ.

ಸಾಣೆ ಹಿಡಿದೆ. ಕೊಟ್ಟೆ. ದುಡ್ಡು ಬೇಡ ಅಂದೆ.
ಮೂರು ವಾರ ಇಷ್ಟೇ ನನ್ನ ಪೌರುಷ.

ಎಪ್ಪತ್ತೆರಡರಲ್ಲಿ ನಮ್ಮ ತಂಡದಲ್ಲೂ ಒಬ್ಬನಿದ್ದ,
ವೋಯ್ತೊ. ನಮ್ಮ ಮಾತಿನಲ್ಲಿ ಆ ಹೆಸರೆಂದರೆ ಗೆಲುವು.
ಅವನ ಬಟ್ಟೆಯನ್ನು ಹಿಮಕ್ಕೆ ಎಸೆದವರು ಬೇರೆ,
ನಕ್ಕವರು ಬೇರೆ.
ನಾನು ಬಾಗಿಲು ಒತ್ತಿ ಹಿಡಿದುಕೊಂಡಿದ್ದೆ, ಅಷ್ಟೇ.
ಆ 'ಅಷ್ಟೇ'ಯನ್ನು ಐವತ್ತು ವರ್ಷ ಉಜ್ಜಿದೆ,
ಸವೆಯುವ ಬದಲು ಹರಿತವಾಗುತ್ತ ಹೋಯಿತು.

ನಾಲ್ಕನೆಯ ವಾರ ಸತ್ತ ಅಲಗನ್ನು ಹಾಗೇ ಒಯ್ದು
ತರಬೇತಿ ಕೊಡುವ ಸಾಯ್ಮಾಳ ಮೇಜಿನ ಮೇಲಿಟ್ಟೆ.
"ಹುಡುಗಾಟ ಇರಬಹುದು" ಅಂದಳು ಮೊದಲು.
ಆಮೇಲೆ ತಾನೂ ಉಗುರು ಹಾಯಿಸಿದಳು.
ಅವಳ ಕಾಫಿ ಆರಿಹೋಯಿತು.

ಕೂಗಾಡಲಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ
ಯಾರು ಮಾಡಿದ್ದೆಂದು ಕೇಳಲೂ ಇಲ್ಲ;
ಕೇಳಿದ್ದರೆ ಆರ್ನಿಯೇ ಕೈ ಎತ್ತುತ್ತಿದ್ದ.
ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಸಿದಳು.
ದಿನಕ್ಕೊಬ್ಬ ದೊಡ್ಡವರು ಕೂರಬೇಕು,
ಕಾಲುಚೀಲ ಹೆಣೆಯುತ್ತಲೋ ಪದಬಂಧ ತುಂಬುತ್ತಲೋ.
ಬುಧವಾರ ನನ್ನ ಸರದಿ.
ಬಾಗಿಲು ತೆರೆದೇ ಇಟ್ಟುಕೊಂಡು ಕೂರುತ್ತೇನೆ,
ಚಳಿ ಎಂದು ಹುಡುಗರು ಗೊಣಗಿದರೂ.

ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದಳು.
ಎಂಟು ಜನ ತುಟಿ ಪಿಟಕ್ಕೆನ್ನಲಿಲ್ಲ. ಒಂಬತ್ತನೆಯವನು ಹೇಳಿದ:
ರೋಪೆ. ತಂಡದ ನಾಯಕ, ಊರಿನ ಭರವಸೆ.
ಅವನಪ್ಪ ಬಂದು ಮೇಜು ಗುದ್ದಿದ,
"ಗಂಡಸರಾಗಬೇಕಲ್ಲ ಹುಡುಗರು!"
ಸಾಯ್ಮಾ ಆ ಸ್ಕೇಟನ್ನು ಅವನ ಕಡೆ ಸರಿಸಿ
"ಕಟ್ಟಿಕೊಂಡು ಒಂದು ಸುತ್ತು ಹೋಗಿ ಬನ್ನಿ" ಅಂದಳು.
ಅವನು ಹೋಗಲಿಲ್ಲ. ಗುದ್ದುವುದನ್ನೂ ಬಿಡಲಿಲ್ಲ.
ರೋಪೆ ನಾಲ್ಕು ಪಂದ್ಯ ಹೊರಗೆ ಕೂತ.
ಮೂರನ್ನು ಸೋತೆವು; ಪೇಟೆಯಲ್ಲಿ ಕೆಲವರು
ನನ್ನ ಜೊತೆ ಮಾತು ಬಿಟ್ಟರು.

ನಿನ್ನೆ ರೋಪೆಯ ಅಲಗು ಸಾಣೆಗೆ ಬಂತು.
ಕೋಣೆಯಲ್ಲಿ ನಾನೊಬ್ಬನೇ.
ಕೂದಲೆಳೆಯಷ್ಟು ಓರೆ ಹಿಡಿದರೆ ಸಾಕು,
ಮೊದಲ ತಿರುವಿನಲ್ಲೇ ಮುಗ್ಗರಿಸುತ್ತಾನೆ,
ನರಪಿಳ್ಳೆಗೂ ತಿಳಿಯದು.
ಕೈ ಒಂದು ಗಳಿಗೆ ತಡೆಯಿತು, ಸುಳ್ಳೇಕೆ ಹೇಳಲಿ.
ಉಗುರು ಹಾಯಿಸಿದೆ.
ಎಡ ಅಲಗಿನ ಒಳಬದಿ ಪೂರಾ ಸವೆದಿತ್ತು,
ತಿರುವಿಗೆ ಹೆದರುವವರದು ಸವೆಯುವ ಹಾಗೆ.
ನೆಟ್ಟಗೆ ಹಿಡಿದೆ. ಕಿಡಿ ಹಾರಿತು.

ಆರ್ನಿ ಆಟ ಬಿಟ್ಟ. ಈಗ ಈಜಲು ಹೋಗುತ್ತಾನಂತೆ.
ಪ್ರಕರಣ ಬಗೆಹರಿಯಿತೆಂದು ಕ್ಲಬ್ಬಿನ ಕಡತದಲ್ಲಿ ಬರೆದುಕೊಂಡಿದ್ದಾರೆ.
ಅವನ ಜೋಡಿ ನನ್ನ ಗೋಡೆಯ ಮೊಳೆಗೆ ತೂಗುತ್ತಿದೆ,
ಹರಿತ ಮಾಡಿ, ಎಣ್ಣೆ ಸವರಿ ಇಟ್ಟಿದ್ದೇನೆ.
ಬೆಳೆಯುವ ಕಾಲು. ಈ ಹೊತ್ತಿಗೆ
ಅವನಿಗೆ ಅದು ಬಿಗಿಯಾಗಿರುತ್ತದೆ.